ಸಿದ್ದಪ್ಪನ ಸಂತೃಪ್ತಿಯ ವಾರ

ಬೆಂಗಳೂರಿನಲ್ಲಿ ಮನುಷ್ಯ ಕೋಪ ಮಾಡಿಕೊಂಡು ಎಷ್ಟು ದಿನ ಬೇಕಾದರೂ ತಿರುಗಾಡಬಹುದು, ಯಾರೂ ಏನೆಂದು ಕೇಳುವುದಿಲ್ಲ. ಅಳುತ್ತ ಬಸ್ಸಿನಲ್ಲಿ ಕೂತರೂ ಪಕ್ಕದವರು ಕಿಟಕಿಯಾಚೆ ನೋಡುತ್ತಾರೆ. ಆದರೆ ಸಾಮಾನ್ಯ ಬಾಡಿಗೆದಾರನೊಬ್ಬ, ಇದ್ದದ್ದು ಸಾಕು ಎಂಬಂಥ ಮುಖ ಹೊತ್ತು ಬಿ.ಟಿ.ಎಂ. ಲೇಔಟಿನಲ್ಲಿ ಒಂದು ವಾರ ಓಡಾಡಿದರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಅವನಿದ್ದ ವಠಾರದ ಮಹಡಿಯ ಮನೆಯಲ್ಲಿ ನಾನಿದ್ದೆ. ಕೆಲವನ್ನು ಕಣ್ಣಾರೆ ಕಂಡೆ, ನೆಲದ ಕಾಂಕ್ರೀಟು ತೆಳ್ಳಗಿದ್ದುದರಿಂದ ಕೆಲವನ್ನು ಕಿವಿಯಾರೆ ಕೇಳಿದೆ, ಉಳಿದದ್ದನ್ನು ಸಿದ್ದಪ್ಪನೇ ಹೇಳಿದ.

ಪೂರ್ತಿ ಹೆಸರು ಮರುಳಸಿದ್ದಪ್ಪ. ಹಾವೇರಿ ಕಡೆಯವನು. ಜಯನಗರದ ಒಂದು ಕೊರಿಯರ್ ಆಫೀಸಿನ ಹಿಂದಿನ ಕೋಣೆಯಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಕಿಟಕಿಯಿಲ್ಲದ ಕೋಣೆ, ಸುತ್ತ ಗೋಣಿಚೀಲ, ಮೇಲೆ ಮಿಣುಕುವ ಟ್ಯೂಬ್‌ಲೈಟು. ಮುಂದಿನ ಕೌಂಟರಿನಲ್ಲಿ ತಿರುಗುವ ಕುರ್ಚಿ, ಫ್ಯಾನು, ಟೆಲಿಫೋನು, ಬಂದುಹೋಗುವ ಮನುಷ್ಯರು. ಆ ಕುರ್ಚಿಯಲ್ಲಿದ್ದವನು ಕೆಲಸ ಬಿಟ್ಟು ಹೋದಾಗ ಮ್ಯಾನೇಜರ್ ನಂದಕುಮಾರ್ ಒಂದು ಮಾತು ಹೇಳಿದ್ದರು: "ಇಂಗ್ಲಿಷ್ ಕ್ಲಾಸಿಂದ ಸರ್ಟಿಫಿಕೇಟ್ ತನ್ನಿ ಸಿದ್ದಪ್ಪ, ಸೀಟು ನಿಮ್ದು."

ಇಂಗ್ಲಿಷ್ ಕ್ಲಾಸು ಸಿದ್ದಪ್ಪನಿಗೆ ಹೊಸದಲ್ಲ. ವಿಲ್ಸನ್ ಗಾರ್ಡನ್ನಿನಲ್ಲೊಮ್ಮೆ ಸೇರಿ ವ್ಯಾಕರಣಕ್ಕೆ ಹೆದರಿ ಬಿಟ್ಟಿದ್ದ. ಗಿರಿನಗರದಲ್ಲೊಮ್ಮೆ ಸೇರಿ, ಮೇಷ್ಟ್ರೇ ಕ್ಲಾಸು ಮುಚ್ಚಿಕೊಂಡು ಹೋದದ್ದರಿಂದ ಬಿಟ್ಟಿದ್ದ. ಆದರೆ ಹೆಂಡತಿ ರಾಜಶ್ರೀ ಎರಡನ್ನೂ ಒಂದೇ ಖಾತೆಗೆ ಹಾಕಿ, "ನೀವು ಯಾವ್ದನ್ನ ಕಡೀತನಕ ಮಾಡೀರಿ?" ಎಂದು ಕೇಳಿದ್ದಳು. ಆ ಪ್ರಶ್ನೆ ಅವನಿಗೆ ಚೆನ್ನಾಗಿ ನಾಟಿತ್ತು. ಈ ಸಲ ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲಿನ ಶಾಲಿನಿ ಮೇಡಂ ಕ್ಲಾಸಿಗೆ ಸೇರುವಾಗ, ಪ್ರಾಣ ಹೋದರೂ ಸರ್ಟಿಫಿಕೇಟು ತರದೆ ಬಿಡುವುದಿಲ್ಲವೆಂದು ಅವಳ ಮುಂದೆಯೇ ಆಣೆ ಮಾಡಿದ್ದ. ಪ್ರಾಣಕ್ಕೇನೂ ಆಗಲಿಲ್ಲ. ಮಿಕ್ಕದ್ದಕ್ಕೆಲ್ಲ ಆಯಿತು.

ಶಾಲಿನಿ ಮೇಡಂ ಪುಸ್ತಕ ಓದಿಸುವ ಜಾತಿಯವರಲ್ಲ. ಅವರದೆಲ್ಲ ಆಟ. ಆ ಶನಿವಾರ ಒಂದು ಸ್ಟೀಲ್ ಡಬ್ಬಿ ತಂದು ಕುಲುಕಿ, "ಇದ್ರಲ್ಲಿ ಫೀಲಿಂಗ್ಸ್ ಇದಾವೆ" ಎಂದರು. ಒಬ್ಬೊಬ್ಬರೂ ಒಂದು ಚೀಟಿ ಎತ್ತಬೇಕು. ಅದರಲ್ಲಿ ಬರೆದ ಭಾವನೆಯನ್ನು ಬಾಯಿ ಬಿಡದೆ ಮುಖದಲ್ಲಿ ತೋರಿಸಬೇಕು. ಉಳಿದವರು ಅದರ ಇಂಗ್ಲಿಷ್ ಹೆಸರು ಹೇಳಬೇಕು. "ಹ್ಯಾಪಿ, ಸ್ಯಾಡ್ ಎಲ್ಲಾ ನರ್ಸರಿ ಮಕ್ಕಳಿಗೆ. ನಿಮ್ಗೆ ದೊಡ್ಡ ದೊಡ್ಡದು ಇಟ್ಟಿದೀನಿ" ಎಂದು ಮೇಡಂ ನಕ್ಕರು.

ಬ್ಯೂಟಿ ಪಾರ್ಲರಿನ ಹುಡುಗಿಗೆ 'ಜೆಲಸ್' ಬಂತು. ಅವಳು ಪಕ್ಕದವಳ ಬಳೆಯನ್ನು ಒಮ್ಮೆ ನೋಡಿದಳು, ಅಷ್ಟಕ್ಕೇ ಇಡೀ ಕ್ಲಾಸು ಹೇಳಿತು. ಬ್ಯಾಂಕಿನ ಸೆಕ್ಯೂರಿಟಿಯವರಿಗೆ 'ನರ್ವಸ್' ಬಂತು. ಅವರು ಎದ್ದು ನಿಂತದ್ದೇ ಸಾಕಾಯಿತು. ಸಿದ್ದಪ್ಪನಿಗೆ 'ಕಂಟೆಂಟೆಡ್' ಬಂತು. ಅರ್ಥ ಗೊತ್ತಿಲ್ಲ. ಮೇಡಂ ಹತ್ತಿರ ಹೋಗಿ ಕಿವಿಕೊಟ್ಟ. "ತೃಪ್ತಿ. ಇರೋದು ಸಾಕು, ಇನ್ನೇನೂ ಬೇಡ ಅನ್ನೋ ಫೀಲಿಂಗು" ಎಂದು ಮೇಡಂ ಪಿಸುಗುಟ್ಟಿದರು. ಸಿದ್ದಪ್ಪ ಕಕ್ಕಾಬಿಕ್ಕಿಯಾದ. ಇಂಥದೊಂದನ್ನು ಬೆಂಗಳೂರಿಗೆ ಬಂದ ಮೇಲೆ ಯಾರ ಮುಖದ ಮೇಲೂ ಕಂಡ ನೆನಪು ಅವನಿಗಿರಲಿಲ್ಲ.

ಕೊನೆಗೆ ಊರಿನಲ್ಲಿ ಅಜ್ಜ ರೊಟ್ಟಿಯುಂಡು ಮಜ್ಜಿಗೆ ಕುಡಿದು ಕಟ್ಟೆಯ ಮೇಲೆ ಗೋಡೆಗೊರಗಿ ಕೂರುತ್ತಿದ್ದದ್ದು ನೆನಪಾಯಿತು. ಕೈ ಹಿಂದೆ ಕಟ್ಟಿಕೊಂಡ. ಕಣ್ಣು ಅರ್ಧ ಮುಚ್ಚಿದ. ತುಟಿಯನ್ನು ನಗುವಿನ ಹೊಸಿಲ ತನಕ ತಂದು ಅಲ್ಲೇ ನಿಲ್ಲಿಸಿದ. ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟ.

"ಸ್ಲೀಪಿ!"

"ಪ್ರೌಡ್!"

"ಲವ್ ಆಗಿದೆ ಮೇಡಂ ಇವ್ರಿಗೆ!"

"ಅಸಿಡಿಟಿ," ಎಂದರು ಸೆಕ್ಯೂರಿಟಿಯವರು ಖಚಿತವಾಗಿ.

"ಅಸಿಡಿಟಿ ಫೀಲಿಂಗ್ ಅಲ್ಲ," ಎಂದರು ಮೇಡಂ.

"ನಂಗೆ ಫೀಲ್ ಆಗುತ್ತಲ್ಲ ಮೇಡಂ, ದಿನಾ."

ಯಾರಿಗೂ ಗೊತ್ತಾಗಲಿಲ್ಲ. ಕ್ಲಾಸಿನಲ್ಲಿ ಗೊತ್ತಾಗದ ಮುಖಕ್ಕೆ ಮೇಡಂ ಬಳಿ ಬೇರೆ ನಿಯಮವಿತ್ತು. ಆ ಮುಖವನ್ನು ಮನೆಗೆ ಒಯ್ಯಬೇಕು. ಮುಂದಿನ ಶನಿವಾರದವರೆಗೆ, ನಿದ್ದೆಯ ಹೊತ್ತು ಬಿಟ್ಟು, ಹಾಕಿಕೊಂಡೇ ಇರಬೇಕು. ಹೊರಗಿನವರು ಯಾರಾದರೂ ತಾವಾಗಿಯೇ, ಯಾವ ಭಾಷೆಯಲ್ಲಾದರೂ ಸರಿ, ಆ ಭಾವನೆಯ ಹೆಸರು ಹೇಳಬೇಕು. ಹೇಳಿದವರು ಬಂದು ಸಾಕ್ಷಿ ನುಡಿಯಬೇಕು. ಇದು ಆಟವೆಂದು ಮಾತ್ರ ಯಾರಿಗೂ ಹೇಳುವಂತಿಲ್ಲ. "ಹೇಳಿದ್ರೆ, ಇಲ್ಲಾ ಮಧ್ಯದಲ್ಲಿ ಮುಖ ಬಿಟ್ರೆ, ಫೇಲ್. ಸರ್ಟಿಫಿಕೇಟ್ ಇಲ್ಲ. ಹೋದ ಬ್ಯಾಚಲ್ಲಿ 'ಆಂಗ್ರಿ' ತಗೊಂಡೋದವ್ರು ಮೆಟ್ಲು ಇಳಿಯೋಷ್ಟ್ರಲ್ಲೇ ಪಾಸಾದ್ರು. ಟ್ರಾಫಿಕ್ ಇತ್ತು ನೋಡಿ."

ಸಿದ್ದಪ್ಪ ಮುಖ ಹೊತ್ತುಕೊಂಡು ಮೆಟ್ಟಿಲಿಳಿದ.

ರಾಜಶ್ರೀ ಬಾಗಿಲು ತೆಗೆದು ಅವನನ್ನು ನೋಡಿದವಳೇ ಒಳಗೆ ಹೋಗಿ ಲವಂಗ ತಂದಳು. "ಯಾವ ಹಲ್ಲು?" ಎಂದಳು. ಹಲ್ಲು ನೋವಲ್ಲವೆಂದು ಅವನು ತಲೆಯಾಡಿಸಿದ. ಹಾಗಾದರೆ ಹೊಟ್ಟೆಯೆಂದು ನಿರ್ಧರಿಸಿ ಓಮಿನ ನೀರು ಕುಡಿಸಿದಳು. ಕುಡಿದ ಮೇಲೂ ಮುಖ ಹಾಗೆಯೇ ಇದ್ದದ್ದನ್ನು ಕಂಡು, "ಏನರ ಹೇಳಬಾರ್ದಂಥಾದ್ದು ಆಗೇತೇನು?" ಎಂದು ಸಂಶಯದಿಂದ ಕೇಳಿದಳು. ಏನೂ ಇಲ್ಲ ಎಂದ. ಆ 'ಏನೂ ಇಲ್ಲ' ನಮ್ಮ ಮಹಡಿಗೂ ಕೇಳಿಸಿತು. ಅಷ್ಟು ನೆಮ್ಮದಿಯಿಂದ ಗಂಡಸೊಬ್ಬ ಹೆಂಡತಿಗೆ ಏನೂ ಇಲ್ಲ ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಿಜವಾದ ಗಂಡಾಂತರ ಶುರುವಾದದ್ದು ಮರುದಿನ ಬೆಳಿಗ್ಗೆ, ನಲ್ಲಿಯ ಹತ್ತಿರ. ನಮ್ಮ ವಠಾರಕ್ಕೆ ದಿನ ಬಿಟ್ಟು ದಿನ ನೀರು. ಅಂಗಳದಲ್ಲಿ ಒಂದೇ ನಲ್ಲಿ, ಸುತ್ತ ಕೊಡಗಳ ಸಾಲು, ಸಾಲಿನ ಸುತ್ತ ಜಗಳ. ಎಲ್ಲರ ಸರದಿ ಮುಗಿದು ಸಿದ್ದಪ್ಪ ತನ್ನ ಕೊಡವಿಟ್ಟ ಕೂಡಲೇ ನಲ್ಲಿ ಬುಸ್ ಎಂದು ಗಾಳಿಯೂದಿ ನಿಂತಿತು. ಇಂಥ ಹೊತ್ತಿನಲ್ಲಿ ಬಾಡಿಗೆದಾರನಾದವನು ಹಣೆ ಚಚ್ಚಿಕೊಳ್ಳಬೇಕು, ಇಲ್ಲವೇ ಕಾರ್ಪೊರೇಟರನಿಗೆ ಬೈಯಬೇಕು. ಸಿದ್ದಪ್ಪ ಖಾಲಿ ಕೊಡವನ್ನು ನೋಡಿದ, ಕೈ ಹಿಂದೆ ಕಟ್ಟಿಕೊಂಡ, ಕಣ್ಣು ಅರ್ಧ ಮುಚ್ಚಿ ಉಸಿರು ಬಿಟ್ಟ.

ಮನೆಯೊಡತಿ ನಾರಾಯಣಮ್ಮ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. "ಏನ್ ಸಿದ್ದಪ್ಪ, ನೀರು ನಿಂತೋಯ್ತಲ್ಲ?" ಎಂದರು.

"ಹೌದ್ರೀ ಅಮ್ಮಾರ."

"ಮತ್ತೆ ಬೈಯಕ್ಕಿಲ್ವಾ?"

"ಇರ್ಲಿ ಬಿಡ್ರೀ."

ನಾರಾಯಣಮ್ಮನ ಕೈಯ ಸೊಪ್ಪು ಮಡಿಲಿಗೆ ಬಿತ್ತು. ಇರ್ಲಿ ಬಿಡಿ ಎಂಬ ಮಾತನ್ನು ಆ ನಲ್ಲಿಯ ಸುತ್ತ ಯಾರೂ ಆಡಿರಲಿಲ್ಲ. ಅವರು ಒಳಗೆ ಹೋಗಿ ಗಂಡನನ್ನು ಕರೆತಂದರು.

ಬೈರಣ್ಣ ನಮ್ಮ ಓನರು. ಲೇಔಟು ಬರುವುದಕ್ಕೆ ಮುಂಚೆ ಇಲ್ಲಿದ್ದ ಹಳ್ಳಿಯವರು. ಲೇಔಟಿಗೆ ಹೊಲ ಹೋಯಿತು. ಊರೊಳಗಿನ ಹಿತ್ತಿಲು ಉಳಿಯಿತು. ಆ ಹಿತ್ತಿಲಿನಲ್ಲಿ ಅವರು ರಾಗಿಯ ಬದಲು ಬಾಡಿಗೆ ಮನೆ ಬೆಳೆದರು. ಬೆಳೆ ಚೆನ್ನಾಗಿಯೇ ಬಂದಿತ್ತು. ಆದರೂ ಸಂಜೆ ಹೊತ್ತು ಮೂರನೆಯ ಮಹಡಿಯ ಮೇಲೆ ನಿಂತು, ಒಂದು ದಿಕ್ಕಿಗೆ ಮಾತ್ರ ನೋಡಿ, ಉಗುಳಿ ಇಳಿದು ಬರುವ ಅಭ್ಯಾಸ ಅವರಿಗಿತ್ತು.

ಬೈರಣ್ಣ ಬಂದು ಸಿದ್ದಪ್ಪನ ಮುಂದೆ ನಿಂತರು. ಹಸು ಕೊಳ್ಳುವವರು ನೋಡುವಂತೆ ಸುತ್ತು ಹಾಕಿ ನೋಡಿದರು. ಆಮೇಲೆ ತಣ್ಣನೆಯ ದನಿಯಲ್ಲಿ, "ಈ ಮುಖ ನಾನು ನೋಡಿವ್ನಿ," ಎಂದರು.

ವಠಾರವೆಲ್ಲ ಕಿವಿ ನಿಮಿರಿಸಿತು.

"ಸೈಟ್ ಅಲಾಟ್ ಆದಾಗ ಬರೋ ಮುಖ ಇದು. ನಮ್ ಹೊಲ್ದಾಗೆ ಕಲ್ಲು ನೆಟ್ಟಾಗ ಬಂದಿದ್ರಲ್ಲ ಸೈಟಿನೋರು, ಟೋಪಿ ಹಾಕ್ಕೊಂಡು, ಹೆಂಡ್ರು ಮಕ್ಕಳ್ನ ಕರ್ಕೊಂಡು. ನಮ್ ರಾಗಿ ಕೂಳೆ ಮೇಲೆ ನಿಂತ್ಕೊಂಡು, ಕೈ ಹಿಂದೆ ಕಟ್ಕೊಂಡು, ಹಿಂಗೇ, ಇದೇ ಥರ ಉಸಿರು ಬಿಟ್ರು. ಸಾಯೋಗಂಟ ಮರೆಯಾಕಿಲ್ಲ ನಾನು. ಎಲ್ಲಯ್ಯಾ ನಿನ್ ಸೈಟು?"

"ಸೈಟ್ ಇಲ್ರೀ ಅಣ್ಣಾರ," ಎಂದ ಸಿದ್ದಪ್ಪ. ಸತ್ಯವನ್ನೇ ಹೇಳಿದ. ಆದರೆ ಮುಖ ಬಿಡುವಂತಿರಲಿಲ್ಲವಾಗಿ, ಅದನ್ನು ಅರ್ಧ ಕಣ್ಣು ಮುಚ್ಚಿ, ನಗುವಿನ ಹೊಸಿಲಲ್ಲಿ ನಿಂತು ಹೇಳಿದ.

ಬೈರಣ್ಣ ಜನರ ಕಡೆ ತಿರುಗಿದರು. "ನೋಡಿದ್ರಾ? ಸೈಟ್ ಇಲ್ದೋನು ಅತ್ಕೊಂಡು ಇಲ್ಲ ಅಂತಾನೆ. ಸೈಟ್ ಇರೋನು ಮಾತ್ರ ಹಿಂಗೆ ಇಲ್ಲ ಅನ್ನೋದು."

ಇದಕ್ಕಿಂತ ದೊಡ್ಡ ಪುರಾವೆ ಯಾರಿಗೂ ಬೇಕಿರಲಿಲ್ಲ. ನೀರು ನಿಂತರೂ ಇವನು ಯಾಕೆ ಬೈಯಲಿಲ್ಲ ಎಂಬುದೂ ತಾನಾಗಿಯೇ ಬಿಡಿಸಿಕೊಂಡಿತು. ಸ್ವಂತ ಸೈಟಿನಲ್ಲಿ ಬೋರ್‌ವೆಲ್ ಕೊರೆಸುವವನಿಗೆ ಈ ನಲ್ಲಿ ಯಾವ ಲೆಕ್ಕ? ಅಂದಿನವರೆಗೆ "ಏನಯ್ಯಾ ಸಿದ್ದಪ್ಪ" ಎನ್ನುತ್ತಿದ್ದ ಬೈರಣ್ಣ ಆ ಬೆಳಿಗ್ಗೆಯೇ "ಸಿದ್ದಪ್ಪನೋರೆ" ಎಂದು ಶುರು ಮಾಡಿದರು. ಆ ಗೌರವದಲ್ಲಿ ಅಷ್ಟೇ ವಿಷವೂ ಇತ್ತು.

ಸೋಮವಾರದ ಹೊತ್ತಿಗೆ ಸುದ್ದಿ ಮೂರು ಬೀದಿ ದಾಟಿತ್ತು. ದಿನಸಿ ಅಂಗಡಿಯ ಶಾಮಣ್ಣ ಬೆಲ್ಲದ ಜೊತೆ ಪುಕ್ಕಟೆ ಸಲಹೆ ಕೊಟ್ಟರು: "ಪೂರ್ವಕ್ಕೆ ಬಾಗ್ಲು ಇಡಿ ಸಾರ್, ದಕ್ಷಿಣಕ್ಕೆ ಬೇಡ." ಸಿದ್ದಪ್ಪ ತೃಪ್ತಿಯಿಂದ ತಲೆಯಾಡಿಸಿದ. ಅಂದರೆ ಸೈಟು ಪೂರ್ವ ದಿಕ್ಕಿನದು ಎಂದಾಯಿತು. ಮಧ್ಯಾಹ್ನಕ್ಕೆ ಅದು ಮೂಲೆ ಸೈಟಾಯಿತು. ಸಂಜೆ ಕುಮಾರಸ್ವಾಮಿ ಲೇಔಟಿನಿಂದ ಕಂಟ್ರಾಕ್ಟರನೊಬ್ಬ ಸ್ಕೂಟರಿನ ಮೇಲೆ ಉದ್ದನೆಯ ನಕ್ಷೆ ಸುತ್ತಿಕೊಂಡು ಬಂದು, ಡ್ಯೂಪ್ಲೆಕ್ಸೋ ಸಿಂಗಲ್ಲೋ ಎಂದು ಅಂಗಳದಲ್ಲಿಯೇ ಕೇಳಿದ. ಇವನು ಇಲ್ಲರೀ ಎಂದ. "ಅರ್ಜೆಂಟಿಲ್ಲ ಸಾರ್, ಯೋಚ್ನೆ ಮಾಡಿ. ನಿಮ್ ಮುಖ ನೋಡಿದ್ರೇನೇ ಗೊತ್ತಾಗುತ್ತೆ, ಡ್ಯೂಪ್ಲೆಕ್ಸೇ" ಎಂದು ಅವನು ನಕ್ಷೆ ಕೊಟ್ಟೇ ಹೋದ.

ಹೀಗೆ ಎಷ್ಟೋ ಜನ ಅವನ ಮುಖಕ್ಕೆ ಎಷ್ಟೋ ಹೆಸರಿಟ್ಟರು. ಶಾಮಣ್ಣ 'ದುಡ್ಡಿನ ಕಳೆ' ಎಂದರು. ನಾರಾಯಣಮ್ಮ 'ಕೊಬ್ಬು' ಎಂದರು. ಪಕ್ಕದ ಮನೆಯ ಬಸವಲಿಂಗಮ್ಮ ಒಳ್ಳೆಯ ಹೆಂಗಸು, 'ಗ್ರಹಚಾರ' ಎಂದರು. ನಾನೂ ಒಂದು ಹೇಳಿದ್ದೆ, ಅದನ್ನು ಬರೆಯುವಂತಿಲ್ಲ. ಒಬ್ಬೊಬ್ಬರು ಬಾಯಿ ತೆರೆದಾಗಲೂ ಸಿದ್ದಪ್ಪ ಆಸೆಯಿಂದ ಕತ್ತು ಚಾಚುತ್ತಿದ್ದ. ಬೇಕಾದ ಪದ ಮಾತ್ರ ಯಾರ ನಾಲಿಗೆಗೂ ಬರಲಿಲ್ಲ. ನಮ್ಮ ಲೇಔಟಿನಲ್ಲಿ ಸಾಕು ಎನ್ನುವುದು ಸಾರು ಬಡಿಸುವವರಿಗೆ ಮಾತ್ರ, ಅದೂ ಎಲೆ ತುಂಬಿದ ಮೇಲೆ.

ಆಫೀಸಿನಲ್ಲಿ ಮ್ಯಾನೇಜರ್ ನಂದಕುಮಾರ್ ಎದ್ದು ಬಂದು ಕೈ ಕುಲುಕಿದರು. "ಕಂಗ್ರಾಟ್ಸ್! ಏನ್ರೀ, ಒಂದು ಮಾತೂ ಹೇಳ್ಲಿಲ್ಲ? ನಾನು ಐದು ಸಲ ಅಪ್ಲಿಕೇಶನ್ ಹಾಕ್ದೆ, ಐದು ಸಲಾನೂ ರಿಜೆಕ್ಟು. ನೀವು ಗೋಣಿಚೀಲದ ಮಧ್ಯೆ ಕೂತ್ಕೊಂಡು ಹೊಡೆದ್ರಿ!"

"ಸೈಟ್ ಇಲ್ರೀ ಸರ. ಸರ್ಟಿಫಿಕೇಟ್ ಶನಿವಾರ ಸಿಗ್ತೇತಿ. ಕೌಂಟರು..."

"ಇನ್ನೂ ಕೌಂಟರ್ ಯಾಕ್ರೀ ನಿಮ್ಗೆ? ಮನೆ ಕಟ್ಟಿಸ್ತೀರಾ, ಕೆಳಗೆ ಎರಡು ಮನೆ ಬಾಡಿಗೆ ಬಿಡ್ತೀರಾ, ಹಾಯಾಗಿರ್ತೀರಾ. ಆ ಸೀಟು ಪಾಪ ಮೌನೇಶನಿಗೆ ಕೊಡೋಣ ಅಂತಿದೀನಿ. ಅವನಿಗೆ ಏನೂ ಇಲ್ಲ." ಸಿದ್ದಪ್ಪನ ಜೊತೆ ಪಾರ್ಸೆಲ್ ವಿಂಗಡಿಸುವ ಮೌನೇಶ ಟೇಬಲ್ಲಿನ ಆಚೆ ಏನೂ ಇಲ್ಲದವನ ಮುಖ ಮಾಡಿಕೊಂಡು ನಿಂತಿದ್ದ. ಅವನಿಗೆ ಯಾವ ಕ್ಲಾಸೂ ಬೇಕಿರಲಿಲ್ಲ.

ಸಿದ್ದಪ್ಪ ಯಾವುದಕ್ಕಾಗಿ ಮುಖ ಹೊತ್ತನೋ ಅದೇ ಆ ಮುಖದಿಂದ ಹೋಗುತ್ತಿತ್ತು. ಒಂದು ಗಳಿಗೆ ಹುಬ್ಬು ಗಂಟಾಗುವುದರಲ್ಲಿತ್ತು. ಆದರೆ ಮುಖ ಬಿಟ್ಟರೆ ಸರ್ಟಿಫಿಕೇಟೂ ಇಲ್ಲ. ಹುಬ್ಬನ್ನು ಬಲವಂತವಾಗಿ ಇಳಿಸಿ, ಕೈ ಹಿಂದೆ ಕಟ್ಟಿ, "ಆಗ್ಲಿರೀ ಸರ, ಶನಿವಾರ ಕಳೀಲಿ, ಮಾತಾಡೋಣ" ಎಂದ.

"ನೋಡಿ, ನೋಡಿ, ಆ ಗತ್ತು ನೋಡಿ" ಎಂದರು ನಂದಕುಮಾರ್.

ಬುಧವಾರ ಬೆಳಿಗ್ಗೆ ರಾಜಶ್ರೀಯ ತಮ್ಮ ಮುತ್ತುರಾಜ ಹಾವೇರಿಯಿಂದ ಬಸ್ಸಿಳಿದ. ಭೂಮಿಪೂಜೆಗೆ ತೆಂಗಿನಕಾಯಿ, ಒಂದು ಚೀಲ ಜೋಳ, ಊರ ದೇವರ ಭಂಡಾರ ಎಲ್ಲ ತಂದಿದ್ದ. ಅವನಿಗೆ ಸುದ್ದಿ ಹೇಗೆ ಮುಟ್ಟಿತೆಂದು ಕೇಳಬೇಡಿ. ಸೈಟಿನ ಸುದ್ದಿಗೆ ಕೊರಿಯರ್ ಬೇಕಾಗುವುದಿಲ್ಲ.

"ಮೂಲಿ ಸೈಟಂತಲ್ಲ ಮಾವಾ! ಊರಾಗೆಲ್ಲಾ ಅದೇ ಮಾತು. ನಡೀರಿ, ತೋರಸ್ರಿ."

"ಸೈಟಿಲ್ಲೋ ಮಾರಾಯ."

ಮುತ್ತುರಾಜ ಅವನ ಮುಖವನ್ನು ಒಮ್ಮೆ ನೋಡಿ, ಅಕ್ಕನ ಮುಖವನ್ನು ಒಮ್ಮೆ ನೋಡಿ, ದನಿ ತಗ್ಗಿಸಿದ. "ಅಕ್ಕಾ, ನಿನಗೂ ತೋರ್ಸಿಲ್ಲೇನು?"

ಅಲ್ಲಿಯವರೆಗೆ ರಾಜಶ್ರೀ ಸೈಟನ್ನು ನಂಬಿರಲಿಲ್ಲ. ತನ್ನ ಗಂಡನಿಗೆ ಸೈಟು ಸಿಗುವುದು ಸಾಧ್ಯವಿಲ್ಲವೆಂಬುದರಲ್ಲಿ ಅವಳಿಗೆ ಅಚಲ ವಿಶ್ವಾಸವಿತ್ತು. ತಮ್ಮನ ಆ ಒಂದು ಪ್ರಶ್ನೆಯಿಂದ ಆ ವಿಶ್ವಾಸ ಕುಸಿಯಿತು. ಅವಳು ಸೌಟು ಕೆಳಗಿಟ್ಟು ಹೊರಗೆ ಬಂದಳು.

"ಯಾರ ಹೆಸರ್ಲೆ ಮಾಡ್ಸೀರಿ?"

"ಏನು?"

"ಸೈಟು. ನನ್ ಹೆಸರ್ಲೆ ಇದ್ರ ನನಗ ಹೇಳ್ತಿದ್ರಿ. ಹೇಳಿಲ್ಲಂದ್ರ ಯಾವಾಕಿ ಆಕಿ?"

ಇಲ್ಲದ ಸೈಟಿನ ಮೇಲೆ ಇಲ್ಲದ ಹೆಂಗಸೊಬ್ಬಳು ಮನೆ ಕಟ್ಟಿಕೊಂಡು ಕೂತದ್ದನ್ನು ಸಿದ್ದಪ್ಪ ನಿಂತ ನಿಲುವಿನಲ್ಲೇ ನೋಡಿದ. ಗಾಬರಿಯಾಯಿತು. ಆದರೆ ಗಾಬರಿ ತೋರಿಸುವಂತಿರಲಿಲ್ಲ. ತೃಪ್ತಿಯಿಂದ, "ಯಾರೂ ಇಲ್ಲ" ಎಂದ. ರಾಜಶ್ರೀ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಅವನಿಗೆ ಸಿಕ್ಕಿದ್ದು ಬರೀ ಅನ್ನ, ಉಪ್ಪಿನಕಾಯಿಯೂ ಇಲ್ಲದ್ದು. ಅದನ್ನು ಅವನು ಗೋಡೆಗೊರಗಿ ಕೂತು, ಪರಮ ಸಂತೃಪ್ತಿಯಿಂದ ಉಂಡು, ಕೈ ತೊಳೆದ. ಪಾತ್ರೆಗಳು ಗೋಡೆಗೆ ಬಡಿದ ಸದ್ದು ನಮ್ಮ ಮಹಡಿಗೆ ಬಂತು.

ಗುರುವಾರ ಬೈರಣ್ಣ ಬಾಗಿಲಿಗೆ ಬಂದು ನಿಂತರು. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ.

"ಸಿದ್ದಪ್ಪನೋರೆ, ಮುಂದಿನ ತಿಂಗಳು ಮನೆ ಖಾಲಿ ಮಾಡ್ಬೇಕು."

ಮುತ್ತುರಾಜ ಎದ್ದು ನಿಂತ. ರಾಜಶ್ರೀ ಒಳಗಿನಿಂದ ಬಂದಳು.

"ಯಾಕ್ರೀ ಅಣ್ಣಾರ?"

"ಯಾಕೆ ಅಂದ್ರೆ? ಇಷ್ಟು ವರ್ಷ ಬಾಡಿಗೆ ಏರ್ಸಿಲ್ಲ, ಪಾಪ, ಎಲ್ಲಿಂದ್ಲೋ ಬಂದವ್ರೆ, ಏನೂ ಇಲ್ಲ ಅಂತ. ಈಗ ಆಯ್ತಲ್ಲ ನಿಮ್ದೂ. ಯಾವನೋ ಒಬ್ಬ ರೈತನ ಹೊಲ್ದಾಗೆ. ಅವ್ನು ಎಲ್ಲೋ ಕುಂತ್ಕೊಂಡು ಹೊಟ್ಟೆ ಉರ್ಕೊಳ್ತಾ ಅವ್ನೆ, ನೀವು ಇಲ್ಲಿ ನನ್ ಮನೇಲೇ ಕುಂತ್ಕೊಂಡು, ನನ್ ಕಣ್ ಮುಂದೇನೇ ಆ ಮುಖ ಮಾಡ್ತೀರಿ. ನನ್ ಕೈಲಿ ನೋಡಕ್ಕಾಗಲ್ಲ ಕಣ್ರೀ." ಬೈರಣ್ಣ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ಅವರು ತಿರುಗಿ ಹೋದರು.

ಸಿದ್ದಪ್ಪನಿಗೆ ನಿಜವಾಗಿಯೂ ಸಂಕಟವಾಯಿತು. ಮನೆ ಹೋಗುವುದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ತನ್ನಿಂದಾಗಿ ಕಣ್ಣೊರೆಸಿಕೊಳ್ಳುವಂತಾಯಿತಲ್ಲ ಎಂದು. ರಾಜಶ್ರೀಗೆ ಆ ಗಳಿಗೆಯಲ್ಲಿ ಏನು ಕಂಡಿತೋ, ಅವನ ಎದುರು ಕೂತು ಮೆತ್ತಗೆ ಕೇಳಿದಳು.

"ಸೈಟಿಲ್ಲ, ಹೌದಲ್ರೀ?"

"ನಿನ್ನಾಣಿಗೂ ಇಲ್ಲ."

"ಹಂಗಾರ ಈ ಮುಖ ಯಾಕ? ಬಿಟ್ಟುಬಿಡ್ರಿ ಅದನ್ನ. ಮನಿ ಹೊಕ್ಕೇತಿ."

"ಶನಿವಾರದ ತನಕ ಬಿಡಾಕ ಬರಂಗಿಲ್ಲ. ಯಾಕಂತ ಕೇಳಬ್ಯಾಡ."

"ಮನಿ ಹೋದ್ರೂ?"

ಸಿದ್ದಪ್ಪ ತುಟಿಯನ್ನು ಹೊಸಿಲ ತನಕ ತಂದು ನಿಲ್ಲಿಸಿದ. ದವಡೆ ನೋಯುತ್ತಿತ್ತು. "ಕಡೀತನಕ ಯಾವ್ದನ್ನ ಮಾಡೀರಿ ಅಂತ ನೀನೇ ಕೇಳಿದ್ದಿಲ್ಲ? ಇದನ್ನ ಮಾಡ್ತೀನಿ."

ರಾಜಶ್ರೀ ತನ್ನ ಪ್ರಶ್ನೆ ಹೀಗೆ ಮನೆ ಖಾಲಿ ಮಾಡಿಸುವ ಮಟ್ಟಕ್ಕೆ ಹೋದೀತೆಂದು ಭಾವಿಸಿರಲಿಲ್ಲ. ಅವಳು ತಮ್ಮನ ಜೊತೆ ಪಾತ್ರೆ ಕಟ್ಟಲು ರಟ್ಟಿನ ಪೆಟ್ಟಿಗೆ ಹುಡುಕಲು ಹೋದಳು.

ಶುಕ್ರವಾರ ಬೈರಣ್ಣ ಬೆಳಿಗ್ಗೆಯೇ ತಮ್ಮ ಲೂನಾ ಮೊಪೆಡ್ ಹತ್ತಿ ಹೊರಟವರು ಕತ್ತಲಾದ ಮೇಲೆ ಬಂದರು. ಶನಿವಾರ ಬೆಳಿಗ್ಗೆ ಮತ್ತೆ ಹೊರಟರು. ಆ ಸೈಟು ಯಾವ ರೈತನ ಹೊಲದ್ದು ಎಂದು ತಿಳಿಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲವೆಂದು ನಾರಾಯಣಮ್ಮ ಹೇಳಿದರು. ಬೆಂಗಳೂರಿನ ಸುತ್ತ ಲೇಔಟಿಗೆ ಹೊಲ ಕೊಟ್ಟವರೆಲ್ಲ ಅವರಿಗೆ ಬೀಗರೋ ನೆಂಟರೋ ಆಗಬೇಕು. ಹೊಲ ಹೋದ ಮೇಲೆ ಅವರಲ್ಲಿ ಅರ್ಧ ಜನ ಅದೇ ಹೊಲದ ಸೈಟುಗಳಿಗೆ ಬ್ರೋಕರುಗಳಾಗಿದ್ದರು. ಅವರ ಕಣ್ಣು ತಪ್ಪಿಸಿ ಒಂದು ಸೈಟು ಕೈ ಬದಲಾಗುವುದು ಸಾಧ್ಯವೇ ಇರಲಿಲ್ಲ. ಬೈರಣ್ಣ ಬನಶಂಕರಿಯ ಆಚೆಯ ಲೇಔಟುಗಳನ್ನೆಲ್ಲ ಬಿಸಿಲಿನಲ್ಲಿ ಸುತ್ತಿದರು.

ಮಧ್ಯಾಹ್ನ ವಾಪಸು ಬಂದವರು ಲೂನಾ ಸ್ಟ್ಯಾಂಡೂ ಹಾಕದೆ ಗೋಡೆಗೊರಗಿಸಿ ನೇರ ಸಿದ್ದಪ್ಪನ ಬಾಗಿಲಿಗೆ ಬಂದರು. ಆ ಹೊತ್ತಿಗೆ ಅಂಗಳದಲ್ಲಿ ನಾವೆಲ್ಲ ಇದ್ದೆವು. ರಟ್ಟಿನ ಪೆಟ್ಟಿಗೆಗಳ ನಡುವೆ ಸಿದ್ದಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕ್ಲಾಸಿಗೆ ಹೊರಡಲು ಸ್ವಲ್ಪವೇ ಹೊತ್ತಿತ್ತು. ಒಬ್ಬನೇ ಒಬ್ಬ ಸಾಕ್ಷಿಯೂ ಸಿಕ್ಕಿರಲಿಲ್ಲ. ಒಳಗೆ ಜೀವ ಹೋಗುತ್ತಿತ್ತು, ಹೊರಗೆ ತೃಪ್ತಿ ಇತ್ತು.

"ಎಲ್ಲೂ ಇಲ್ಲ!" ಎಂದು ಬೈರಣ್ಣ ಕೂಗಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರು ದಿಕ್ಕು ತೋಚದವರಾಗಿದ್ದರು. "ಎಲ್ಲಾ ಕಡೆ ಕೇಳ್ದೆ. ನಿನ್ ಹೆಸ್ರಲ್ಲೂ ಇಲ್ಲ, ನಿನ್ ಹೆಂಡ್ತಿ ಹೆಸ್ರಲ್ಲೂ ಇಲ್ಲ, ಯಾವಳ್ ಹೆಸ್ರಲ್ಲೂ ಇಲ್ಲ."

ರಾಜಶ್ರೀ ದೊಡ್ಡದಾಗಿ ಉಸಿರು ಬಿಟ್ಟಳು.

"ಸೈಟ್ ಇಲ್ಲ. ಹೊಲ ಇಲ್ಲ. ಇರೋ ಮನೇನೂ ನಾನು ಖಾಲಿ ಮಾಡು ಅಂದಿವ್ನಿ. ನಲ್ಲೀಲಿ ನೀರಿಲ್ಲ. ಹೆಂಡ್ತಿ ಊಟ ಹಾಕ್ತಿಲ್ವಂತೆ. ನಂಗೆ ಮೂರು ಮಹಡಿ ಅದೆ ಕಣಯ್ಯಾ, ಒಂದು ದಿನ ನಿನ್ ಥರ ನಿಂತಿಲ್ಲ ನಾನು! ಮತ್ಯಾಕಯ್ಯಾ ಈ ಮುಖ? ಏನೂ ಇಲ್ದೇನೇ, ಇಷ್ಟಕ್ಕೇ..." ಬೈರಣ್ಣ ಪದಕ್ಕಾಗಿ ತಡಕಾಡಿದರು. ಬಹಳ ದಿನ ಬಳಸದ ಪಾತ್ರೆಯನ್ನು ಅಟ್ಟದಿಂದ ಇಳಿಸುವವರ ಹಾಗೆ ನಿಧಾನವಾಗಿ ಹೊರಗೆ ತಂದರು. "ಇಷ್ಟಕ್ಕೇ ತೃಪ್ತಿಯಾಗಿದೀಯೇನಯ್ಯಾ ನೀನು?"

"ಹೇಳಿದ್ರಿ! ಅಣ್ಣಾರ, ಹೇಳಿದ್ರಿ!"

ಸಿದ್ದಪ್ಪನ ಮುಖ ಒಂದು ವಾರದಿಂದ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಒಡೆಯಿತು. ಅವನು ಪೆಟ್ಟಿಗೆಗಳ ಮೇಲಿಂದ ಹಾರಿ ಬೈರಣ್ಣನನ್ನು ತಬ್ಬಿಕೊಂಡ, ಬಿಟ್ಟ, ಮತ್ತೆ ತಬ್ಬಿಕೊಂಡ. "ನಡೀರಿ, ಜೆ.ಪಿ. ನಗರಕ್ಕ ನಡೀರಿ, ಅಲ್ಲಿ ಇದನ್ನೇ ಹೇಳ್ರಿ" ಎಂದು ಅವರನ್ನು ಅವರದೇ ಲೂನಾದ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ. ತಮ್ಮ ವಾಹನವನ್ನು ತಮ್ಮ ಬಾಡಿಗೆದಾರ ಓಡಿಸುತ್ತಿದ್ದಾನೆಂಬುದು ಬೈರಣ್ಣನಿಗೆ ಹೊಳೆದದ್ದು ಅರ್ಧ ದಾರಿಯಲ್ಲಂತೆ. ಅಷ್ಟರಲ್ಲಿ ತಡವಾಗಿತ್ತು.

ಬೇಕರಿಯ ಮೇಲಿನ ಕ್ಲಾಸಿನಲ್ಲಿ ಬೈರಣ್ಣ ಪಂಚೆ ಸರಿಮಾಡಿಕೊಂಡು ಕೋರ್ಟಿನಲ್ಲಿ ನಿಂತಂತೆ ನಿಂತರು. ಶಾಲಿನಿ ಮೇಡಂ, "ಇವ್ರ ಮುಖದಲ್ಲಿ ಏನ್ ಕಂಡ್ರಿ ಸಾರ್?" ಎಂದು ಕೇಳಿದರು.

"ಮೊದ್ಲು ಸೈಟು ಕಂಡೆ ಮೇಡಂ. ಆಮೇಲೆ ಹುಡುಕ್ದೆ. ಸೈಟ್ ಇರ್ಲಿಲ್ಲ. ತೃಪ್ತಿ."

ಕ್ಲಾಸು ಚಪ್ಪಾಳೆ ತಟ್ಟಿತು. ಸೆಕ್ಯೂರಿಟಿಯವರು, "ಅಸಿಡಿಟಿ ಇದ್ರೂ ಇರ್ಬೋದು" ಎಂದು ಕೊನೆಗೂ ಗೊಣಗಿದರು. ಸಿದ್ದಪ್ಪನಿಗೆ ಸರ್ಟಿಫಿಕೇಟು ಸಿಕ್ಕಿತು. ಸೈಟಿಲ್ಲವೆಂಬುದು ಖಚಿತವಾದ ಮೇಲೆ ಸೋಮವಾರ ನಂದಕುಮಾರ್ ಕೌಂಟರಿನ ಕುರ್ಚಿಯನ್ನೂ ಕೊಟ್ಟರು, ಜೊತೆಗೆ ಸ್ವಲ್ಪ ಅನುಕಂಪವನ್ನೂ. ಅದು ಮುಂದಿನ ಮಾತು. ಶನಿವಾರದ ಮಾತು ಇನ್ನೂ ಮುಗಿದಿರಲಿಲ್ಲ.

ವಾಪಸು ಬರುವಾಗ ಲೂನಾ ಬೈರಣ್ಣನೇ ಓಡಿಸಿದರು. ಇದೆಲ್ಲ ಒಂದು ಆಟವೆಂದು ಅವರಿಗೆ ಆಗಲೇ ತಿಳಿದಿತ್ತು. ಬಿ.ಟಿ.ಎಂ. ಎರಡನೇ ಹಂತದೊಳಗೆ ತಿರುಗಿ, ಒಂದು ಜ್ಯೂಸ್ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯ ಮೇಲೆ ನಾಲ್ಕು ಮಹಡಿ, ಒಣಗಲು ಹಾಕಿದ ಬಟ್ಟೆ.

"ಇಲ್ಲೇ ಕಣಯ್ಯಾ ನಮ್ ಹೊಲ. ಆ ಜ್ಯೂಸ್ ಅಂಗ್ಡಿ ಐತಲ್ಲ, ಅಲ್ಲಿ ಕಣ ಮಾಡ್ತಿದ್ವಿ."

ಸಿದ್ದಪ್ಪ ಇಳಿದು ನಿಂತ. ಬೈರಣ್ಣ ಅವನ ಕಡೆ ತಿರುಗಿದರು.

"ಹಂಗಾದ್ರೆ ಅಷ್ಟೂ ದಿನ ಸುಳ್ಳಾ ಅದು? ಮಾರ್ಕ್ಸಿಗೋಸ್ಕರ ಮಾಡಿದ್ದಾ?"

ಸಿದ್ದಪ್ಪ ಈ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಂದು ಎಣಿಸಿರಲಿಲ್ಲ. ಯೋಚಿಸಿದ. "ಮೊದ್ಲಿಗೆ ಸುಳ್ಳ ರೀ ಅಣ್ಣಾರ. ದವಡಿ ನೋಯ್ತಿತ್ತು. ಆದ್ರ ನಡು ನಡುವ, ನಿಮ್ಮ ಅಂಗಳದಾಗ ಕುಂತಾಗ, ಸಂಜಿ ಮುಂದ ಗಾಳಿ ಬೀಸ್ತಿತ್ತಲ್ರೀ... ಆಗ ಮುಖ ತಾನ ಕುಂತಿರ್ತಿತ್ತು. ನಾ ಹಿಡಿದಿರ್ಲಿಲ್ಲ. ಖರೇ ಹೇಳ್ತೀನಿ, ನನಗ ಆ ಮನಿ ಸಾಕು."

ಬೈರಣ್ಣ ಜ್ಯೂಸ್ ಅಂಗಡಿಯನ್ನು ಬಹಳ ಹೊತ್ತು ನೋಡಿದರು. ಈ ಸಲ ಉಗುಳಲಿಲ್ಲ. ಆಮೇಲೆ ಓನರಿಗೆ ಮಾತ್ರ ಹೊಳೆಯಬಲ್ಲ ಒಂದು ವಿಚಾರ ಅವರಿಗೆ ಹೊಳೆಯಿತು.

"ಅಲ್ಲಯ್ಯಾ, ನನ್ ಮನೇಲಿ ಬಾಡಿಗೆಗಿರೋನು ತೃಪ್ತಿಯಾಗವ್ನೆ ಅಂದ್ರೆ, ನಾನು ತಗೊಳ್ತಿರೋ ಬಾಡಿಗೆ ಕಮ್ಮಿ ಆಯ್ತು ಅಂತ ತಾನೇ ಅರ್ಥ?"

ಸಿದ್ದಪ್ಪನ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ಕಣ್ಣು ಪೂರ್ತಿ ತೆರೆಯಿತು. ತುಟಿ ಒಣಗಿತು. ಬೈರಣ್ಣ ಮುಖ ಹತ್ತಿರ ತಂದು, ಒಂದು ಗಳಿಗೆಯೂ ತಡಮಾಡದೆ ಹೇಳಿದರು.

"ಗಾಬ್ರಿ."

"ಹೌದ್ರೀ ಅಣ್ಣಾರ."

"ಹಾಂ! ಈಗ ಬಂತು ನೋಡು ಬಾಡಿಗೆದಾರನ ಮುಖ." ಬೈರಣ್ಣ ಆ ಮುಖವನ್ನು ಕಣ್ಣು ತುಂಬ ನೋಡಿದರು. ನೋಡಿ ಲೂನಾ ಸ್ಟಾರ್ಟ್ ಮಾಡಿದರು. "ಹತ್ತು. ಮನೆ ಖಾಲಿ ಮಾಡೋದೇನೂ ಬ್ಯಾಡ, ಪೆಟ್ಟಿಗೆ ಬಿಚ್ಚು ಅನ್ನು ಹೆಂಡ್ತೀಗೆ."

"ಬಾಡಿಗಿ ರೀ?"

"ಅದ್ನ ಆಮೇಲೆ ನೋಡಣ. ಅಲ್ಲೀಗಂಟ ಈ ಮುಖ ಬಿಡ್ಬ್ಯಾಡ."